ಮೂವತ್ತು ಬೆಳ್ಳಿ ನಾಣ್ಯ

ಕೇಳುಗರಿಗೆ ನಮಸ್ಕಾರ.

ಯೇಸುವನ್ನು ಹಿಡಿದುಕೊಟ್ಟವನು ಹೊರಗಿನವನಲ್ಲ. ಅವರೇ ಆರಿಸಿಕೊಂಡ 12 ಶಿಷ್ಯರಲ್ಲಿ ಒಬ್ಬ, ಯೂದ. ಮೊದಲ ಕ್ರೈಸ್ತರಿಗೆ ಇದು ನುಂಗಲಾರದ ತುತ್ತು. 2ನೇ ಶತಮಾನದಲ್ಲಿ ಸೆಲ್ಸಸ್ ಎಂಬ ಟೀಕಾಕಾರ ಇದನ್ನೇ ಹಿಡಿದು ಕುಟುಕಿದ: ಒಳ್ಳೆ ಸೇನಾಪತಿಗಿರಲಿ, ದರೋಡೆಕೋರರ ನಾಯಕನಿಗೂ ಅವನ ಕಡೆಯವರು ಕೈಕೊಡುವುದಿಲ್ಲವಲ್ಲ ಎಂದು!

ಅಷ್ಟರಲ್ಲಾಗಲೇ ಕ್ರೈಸ್ತರು ಹೀಬ್ರೂ ಗ್ರಂಥಗಳಲ್ಲಿ ಉತ್ತರ ಹುಡುಕಿಕೊಂಡಿದ್ದರು. 41ನೇ ಕೀರ್ತನೆಯಲ್ಲಿ ಒಬ್ಬ ನೊಂದು ಹೇಳುತ್ತಾನೆ, ನಾನು ನಂಬಿದ್ದ ಗೆಳೆಯ, ನನ್ನ ಅನ್ನ ಉಂಡವನು, ನನಗೇ ಕಾಲೆತ್ತಿದ ಅಂತ. ಉಂಡ ಮನೆಯ ಗಳ ಎಣಿಸೋದು ಅಂತೀವಲ್ಲ, ಅದೇ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯಲ್ಲಿ, ಶಿಷ್ಯರ ಜೊತೆಗಿನ ಕೊನೆಯ ಊಟದ ಹೊತ್ತಿಗೆ ಯೇಸು ಈ ಮಾತನ್ನೇ ಎತ್ತುತ್ತಾರೆ. ಆದರೆ 'ನಂಬಿದ್ದ ಗೆಳೆಯ' ಅನ್ನೋ ಭಾಗ ಅಲ್ಲಿಲ್ಲ. ಸುಮ್ನೆ ಬಿಟ್ಟುಹೋಗಿರಲಾರದು. ಯೋಹಾನನ ಪ್ರಕಾರ ಯೂದ ಎಂಥವನೆಂದು ಯೇಸುವಿಗೆ ಮೊದಲೇ ಗೊತ್ತಿತ್ತು.

ಮತ್ತಾಯನ ಸುವಾರ್ತೆಯ ಕಥೆ ಇನ್ನೂ ಸ್ವಾರಸ್ಯ. ಯೂದನಿಗೆ ಸಿಕ್ಕಿದ್ದು 30 ಬೆಳ್ಳಿ ನಾಣ್ಯ ಎಂದು ಲೆಕ್ಕ ಹೇಳುವುದು ನಾಲ್ಕು ಸುವಾರ್ತೆಗಳಲ್ಲಿ ಅವನೊಬ್ಬನೇ. ಈ 30 ಹೀಬ್ರೂ ಗ್ರಂಥಗಳ ಜೆಕರ್ಯ ಪ್ರವಾದಿಯಲ್ಲಿ ಬರುತ್ತದೆ. ಕುರುಬ ಕೂಲಿ ಕೇಳಿದರೆ 30 ಬೆಳ್ಳಿ ತೂಗಿ ಕೊಡುತ್ತಾರೆ. ಎತ್ತು ಹಾಯ್ದು ಗುಲಾಮ ಸತ್ತರೆ ಅವನ ಒಡೆಯನಿಗೆ ಮೋಶೆಯ ಕಾನೂನು ಕೊಡಿಸುತ್ತಿದ್ದ ಪರಿಹಾರವೂ ಅಷ್ಟೇ. ಅಂದರೆ ಕೂಲಿಯಲ್ಲ, ಅವಮಾನ. ಕುರುಬ ಅದನ್ನು ದೇವಾಲಯದಲ್ಲಿ ಕುಂಬಾರನ ಕಡೆಗೆ ಎಸೆದುಬಿಡುತ್ತಾನೆ. ಮತ್ತಾಯನಲ್ಲಿ ಯೂದನೂ ಪಶ್ಚಾತ್ತಾಪಪಟ್ಟು ಹಣವನ್ನು ದೇವಾಲಯದಲ್ಲೇ ಬಿಸಾಡುತ್ತಾನೆ. ರಕ್ತದ ದುಡ್ಡು ಕಾಣಿಕೆ ಪೆಟ್ಟಿಗೆಗೆ ಸಲ್ಲದು ಎಂದು ಯಾಜಕರು ಅದರಲ್ಲಿ ಕುಂಬಾರನ ಹೊಲ ಕೊಳ್ಳುತ್ತಾರೆ, ಪರದೇಶಿಗಳ ಹೆಣ ಹೂಳಲು.

ತಮಾಷೆ ಅಂದ್ರೆ, ಇದು ಜೆಕರ್ಯನದಲ್ಲ, ಯೆರೆಮೀಯ ಎಂಬ ಇನ್ನೊಬ್ಬ ಪ್ರವಾದಿಯ ಮಾತು ಅನ್ನೋ ಹಾಗೆ ಬರೀತಾನೆ ಮತ್ತಾಯ! ಜೆರೋಮ್, ಅಗಸ್ಟೀನ್ ಅಂಥ ಹಳೆಯ ಕ್ರೈಸ್ತ ಪಂಡಿತರೂ ಇದಕ್ಕೆ ತಲೆ ಕೆಡಿಸಿಕೊಂಡರು. ಕುಂಬಾರನ ಮನೆಗೆ ಹೋದವನು, 17 ಶೆಕೆಲ್ ಬೆಳ್ಳಿಗೆ ಹೊಲ ಕೊಂಡವನು ಯೆರೆಮೀಯ. ನನಗನಿಸುವಂತೆ, ಮತ್ತಾಯ ಇಬ್ಬರನ್ನೂ ಬೇಕೆಂದೇ ಹೆಣೆದಿದ್ದಾನೆ. ದ್ರೋಹದ ನೋವು ಮೊದಲು ಬಂತು, ವಚನ ಆಮೇಲೆ ಸಿಕ್ಕಿತು. ಸಿಕ್ಕ ವಚನ ಕಥೆಗೂ ಒಂದಿಷ್ಟು ಬಣ್ಣ ಕೊಟ್ಟಿತು.

ಹಾಗಂತ ಯೂದನಿಗೆ ಮಾಫಿ ಇಲ್ಲ. ಬರೆದಿರುವಂತೆಯೇ ನಡೆಯುತ್ತದೆ, ಆದರೂ ಹಿಡಿದುಕೊಡುವವನ ಗತಿ ಏನು ಹೇಳಲಿ ಅನ್ನುತ್ತಾರೆ ಯೇಸು, ಮಾರ್ಕನ ಸುವಾರ್ತೆಯಲ್ಲಿ.

ಶಿಷ್ಯರಲ್ಲಿ ಪ್ರಮುಖನಾದ ಪೇತ್ರನಿಗಂತೂ ಮುಂದಿನ ಕೆಲಸ ಆಗಬೇಕಿತ್ತು, ಯೂದನ ಖಾಲಿ ಜಾಗ ತುಂಬಬೇಕಿತ್ತು. ಸುಮಾರು 120 ಜನರೆದುರು ನಿಂತು ಅವನು ಎರಡು ಕೀರ್ತನೆಗಳ ಸಾಲು ಹೇಳುತ್ತಾನೆ: ಅವನ ಮನೆ ಹಾಳುಬೀಳಲಿ, ಅವನ ಜಾಗಕ್ಕೆ ಬೇರೆಯವನು ಬರಲಿ. ಎರಡು ಹೆಸರು ಮುಂದೆ ಬಂದವು. ಚೀಟು ಹಾಕಿದರು. ಮತ್ತೀಯನಿಗೆ ಬಂತು. ಶಿಷ್ಯರು ಮತ್ತೆ 12 ಆದರು.

ನಮಸ್ಕಾರ.