ಕಾರನ್ನು ಪಕ್ಕದಿಂದ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡ ಐಷಾರಾಮಿ ಸೆಡಾನ್ ಕಾರುಗಳ ಹೊರ ವಿನ್ಯಾಸ, ಅವುಗಳ ಕಂಪನಿಗಳ ನಡುವಿನ ಪೈಪೋಟಿ, ಇದರ ಬಗ್ಗೆ ನಾಲ್ಕು ಮಾತಾಡಿ ಎಂದು ನಿಲಯದವರು ಕರೆದಿದ್ದಾರೆ. ಕೋಟಿ ದಾಟಿದ ಕಾರಿನ ಕಥೆ ನಮಗ್ಯಾಕಪ್ಪಾ ಎಂದು ದಯವಿಟ್ಟು ರೇಡಿಯೋ ಆರಿಸಬೇಡಿ. ಕೊಳ್ಳುವವರು ಎಲ್ಲೋ ಕೆಲವರು, ನೋಡುವವರು ನಾವೆಲ್ಲ. ಸಿಗ್ನಲ್ ಬಿದ್ದಾಗ ಮರ್ಸಿಡಿಸ್ ಎಸ್-ಕ್ಲಾಸ್ ನಿಮ್ಮ ಬಸ್ಸಿನ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಹಾಗೆ ನೋಡಿದರೆ ಬಸ್ಸಿನಲ್ಲಿ ಕೂತವರೇ ಪುಣ್ಯವಂತರು. ಅವರಿಗೆ ಕಾರಿನ ಪಕ್ಕ ಕಾಣಿಸುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ. ಕಾರನ್ನು ಪಕ್ಕದಿಂದ ನೋಡಿ. ಮುಂದಿನಿಂದ ನೋಡಬೇಡಿ. ಗ್ರಿಲ್ ಎಷ್ಟು ದೊಡ್ಡದು, ಹೆಡ್‌ಲೈಟ್ ಯಾವ ಆಕಾರ, ಕ್ರೋಮ್ ಪಟ್ಟಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಅದೆಲ್ಲ ಅಲಂಕಾರ. ದೊಡ್ಡ ಸೆಡಾನಿನ ಚೆಲುವು ಇರುವುದು ಅಳತೆಯಲ್ಲಿ.

ನಮ್ಮ ಶಿಲ್ಪಿಗಳಿಗೆ ಇದು ಹೊಸ ಮಾತಲ್ಲ. ಮುಖದ ಉದ್ದವನ್ನು ಒಂದು ತಾಳ ಎಂದು ಹಿಡಿದು, ಇಂಥ ಮೂರ್ತಿಗೆ ಇಷ್ಟು ತಾಳ ಎಂದು ಲೆಕ್ಕ ಕಟ್ಟಿಕೊಂಡ ಮೇಲೆಯೇ ಉಳಿ ಹಿಡಿಯುತ್ತಾರೆ. ಲೆಕ್ಕ ತಪ್ಪಿದ ಮೂರ್ತಿಗೆ ಎಷ್ಟು ಆಭರಣ ಕೊರೆದರೂ ಅದು ನಿಲ್ಲುವುದಿಲ್ಲ. ಕಾರಿನಲ್ಲಿ ಆ ತಾಳದ ಜಾಗದಲ್ಲಿರುವುದು ಚಕ್ರ. ಟೈರೂ ಸೇರಿ ಒಂದು ಚಕ್ರ. ಚಕ್ರದ ಮೇಲೆ ಚಕ್ರ ಇಟ್ಟರೆ ಹೆಚ್ಚುಕಡಿಮೆ ಕಾರಿನ ಎತ್ತರ ಬರಬೇಕು. ರೋಲ್ಸ್ ರಾಯ್ಸ್‌ನವರು ಈ ಲೆಕ್ಕವನ್ನು ಬಿಟ್ಟುಕೊಟ್ಟವರೇ ಅಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇನ್ನೂ ಮೂರು ಚಕ್ರ ಹಿಡಿಸುವಷ್ಟು ಜಾಗ ಇರಬೇಕು. ಇನ್ನೊಂದು ಅಳತೆ ಎಲ್ಲಕ್ಕಿಂತ ಮುಖ್ಯ: ಮುಂದಿನ ಚಕ್ರದಿಂದ ಮುಂದಿನ ಬಾಗಿಲಿನ ಅಂಚಿನವರೆಗೆ ಇರುವ ದೂರ. ಅದು ಉದ್ದವಾಗಿದ್ದರೆ ಕಾರಿಗೆ ಗಾಂಭೀರ್ಯ ಬರುತ್ತದೆ, ಕಡಿಮೆಯಾದರೆ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಜರ್ಮನಿಗೇನೂ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ಬಿಡದಿ ಇದೆಯಲ್ಲ, ಅಲ್ಲಿನ ಟೊಯೋಟಾ ಕಾರ್ಖಾನೆಯಲ್ಲಿ 2020ರಿಂದ ಟೊಯೋಟಾದವರದೇ ಐಷಾರಾಮಿ ಬ್ರಾಂಡ್ ಆದ ಲೆಕ್ಸಸ್‌ನ ಇಎಸ್ ಕಾರನ್ನು ಜೋಡಿಸುತ್ತಿದ್ದಾರೆ. ಒಳ್ಳೆಯ ಕಾರು. ಆದರೆ ಅದರಲ್ಲಿ ಎಂಜಿನ್ ಅಡ್ಡಡ್ಡಲಾಗಿ ಕೂತಿದೆ, ಎಳೆಯುವುದು ಮುಂದಿನ ಚಕ್ರ. ಹಾಗಾಗಿ ಆ ಚಕ್ರ ಬಾಗಿಲಿನ ಹತ್ತಿರಕ್ಕೆ ಬಂದುಬಿಡುತ್ತದೆ, ಮೂಗು ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದೇ ಲೆಕ್ಸಸ್ ಕಂಪನಿಯ ಹಿರಿಯ ಕಾರು ಎಲ್‌ಎಸ್ ನೋಡಿ. ಅಲ್ಲಿ ಎಂಜಿನ್ ಉದ್ದುದ್ದ ಕೂತಿದೆ, ತಳ್ಳುವುದು ಹಿಂದಿನ ಚಕ್ರ. ಮುಂದಿನ ಚಕ್ರವನ್ನು ಬಂಪರಿನ ಕಡೆಗೆ ಸರಿಸಲು ಅವಕಾಶ ಸಿಕ್ಕಿತು, ಬಾಗಿಲಿಗೂ ಚಕ್ರಕ್ಕೂ ನಡುವೆ ಜಾಗ ಬಂತು. ಎರಡರ ಮುಂದೆಯೂ ಅದೇ ಲಾಂಛನ. ಒಂದು ಅನುಕೂಲದ ಕಾರು, ಇನ್ನೊಂದು ದರ್ಬಾರಿನ ಕಾರು. ಆ ವ್ಯತ್ಯಾಸವನ್ನು ತಂದದ್ದು ಗ್ರಿಲ್ ಅಲ್ಲ.

ಈಗ ಪೈಪೋಟಿಗೆ ಬರುತ್ತೇನೆ. ಇಲ್ಲಿ ಒಂದು ಕಥೆಯಿದೆ, ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬ್ರೂನೋ ಸಾಕ್ಕೋ ಎಂಬ ವಿನ್ಯಾಸಕಾರ. ಹುಟ್ಟಿದ್ದು ಇಟಲಿಯ ಊದಿನೆಯಲ್ಲಿ, ಬಾಳಿದ್ದು ಜರ್ಮನಿಯ ಮರ್ಸಿಡಿಸ್ ಕಂಪನಿಯಲ್ಲಿ. 1975ರಲ್ಲಿ ಅಲ್ಲಿನ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಹೊಸ ಕಾರು ಬಂತೆಂದು ಹಳೆಯ ಕಾರು ಹಳತಾಗಿ ಕಾಣಬಾರದು, ತಂದೆ ಮಗನಂತೆ ಎರಡೂ ಒಟ್ಟಿಗೆ ನಿಲ್ಲಬೇಕು ಎಂಬುದು ಅವರ ನಿಯಮ. 1979ರಲ್ಲಿ ಅವರ ಕೈಯಿಂದ ಬಂದ ಎಸ್-ಕ್ಲಾಸ್‌ಗೆ ಕಾರ್ಖಾನೆಯ ಸಂಕೇತ ಡಬ್ಲ್ಯು 126. ಪಕ್ಕದಿಂದ ಆ ಕಾರನ್ನು ನೋಡಬೇಕು ನೀವು! ಬಾಗಿಲುಗಳ ಕೆಳಗೆ ಉದ್ದಕ್ಕೂ ಒಂದು ಪ್ಲಾಸ್ಟಿಕ್ ಹಲಗೆ ಬಂಪರಿನಿಂದ ಬಂಪರಿನವರೆಗೆ ಸಾಗುತ್ತದೆ. ಅದರ ಮೇಲೆ ಹಗುರಾಗಿ ಕೂತ ಗಾಜಿನ ಭಾಗ, ಸದ್ದಿಲ್ಲದೆ ಇಳಿಯುವ ಡಿಕ್ಕಿ. ಒಂದು ಗೆರೆಯೂ ಹೆಚ್ಚಿಲ್ಲ. ಹನ್ನೆರಡು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಸೆಡಾನ್‌ಗಳು ಹೊರಬಂದವು. ಈ ದರ್ಜೆಯ ಕಾರಿಗೆ ಅದು ಅಗಾಧ ಸಂಖ್ಯೆ.

ಅಷ್ಟರಲ್ಲಿ ಮ್ಯೂನಿಕ್‌ನ ಬಿಎಂಡಬ್ಲ್ಯು ಎದ್ದಿತು. 1986ರಲ್ಲಿ ಎಸ್-ಕ್ಲಾಸ್‌ಗೆ ಎದುರಾಳಿಯಾದ ಅವರ ದೊಡ್ಡ ಸೆಡಾನ್, ಎರಡನೇ ತಲೆಮಾರಿನ 7 ಸೀರೀಸ್ ಬಂತು, ತಗ್ಗಾಗಿ, ಅಗಲವಾಗಿ, ನೆಲಕ್ಕೆ ಅಂಟಿದಂತೆ. ಮರುವರ್ಷ ಅದರೊಳಗೆ 12 ಸಿಲಿಂಡರ್ ಎಂಜಿನ್ ಇಟ್ಟರು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಯಾವ ಕಾರಿನಲ್ಲೂ ಅಂಥ ಎಂಜಿನ್ ಇರಲಿಲ್ಲ, ಮರ್ಸಿಡಿಸ್‌ನಲ್ಲೂ ಇರಲಿಲ್ಲ. ಮರ್ಸಿಡಿಸ್‌ನ ಊರು ಸ್ಟುಟ್‌ಗಾರ್ಟ್‌ನಲ್ಲಿ ನಿದ್ದೆ ಹಾರಿಹೋಯಿತು. ಆಗಲೇ ತಯಾರಿಯಲ್ಲಿದ್ದ ಹೊಸ ಎಸ್-ಕ್ಲಾಸ್ ಅನ್ನು ಮುಂದೂಡಿ, ಅದರಲ್ಲೂ 12 ಸಿಲಿಂಡರ್ ಇರಲೇಬೇಕು ಎಂದು ಪಟ್ಟು ಹಿಡಿದರು. ಇಷ್ಟು ಸಾಲದು ಎಂಬಂತೆ 1989ರ ಜನವರಿಯಲ್ಲಿ, ಡೆಟ್ರಾಯಿಟ್ ಮೇಳದಲ್ಲಿ, ಟೊಯೋಟಾದವರು ಲೆಕ್ಸಸ್ ಎಲ್‌ಎಸ್ 400 ತಂದು ನಿಲ್ಲಿಸಿದರು. ಅಮೆರಿಕದಲ್ಲಿ ಬೆಲೆ 35,000 ಡಾಲರ್, ಎಸ್-ಕ್ಲಾಸ್‌ಗಿಂತ ಎಷ್ಟೋ ಕಡಿಮೆ. ಗಾಳಿಯನ್ನು ಸೀಳುವ ಅಳತೆ 0.29; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು, ಆ ಕಾಲಕ್ಕೆ ಬೆರಗಿನ ಅಂಕಿ. ಮರ್ಸಿಡಿಸ್‌ನ ನಕಲು ಎಂದು ಪತ್ರಿಕೆಗಳು ಚುಚ್ಚಿದವು. ನನಗೆ ಹಾಗನ್ನಿಸುವುದಿಲ್ಲ. ಸಾಕ್ಕೋ ಅವರ ಅಳತೆಯ ಪಾಠವನ್ನು ಜಪಾನಿನವರು ಶ್ರದ್ಧೆಯಿಂದ ಓದಿಕೊಂಡಿದ್ದರು.

ಇಂಥ ಎರಡು ಪೆಟ್ಟಿಗೆ ಮರ್ಸಿಡಿಸ್ ಕೊಟ್ಟ ಉತ್ತರ 1991ರ ಮಾರ್ಚ್‌ನಲ್ಲಿ, ಜಿನೀವಾದಲ್ಲಿ ಬಂತು. ಡಬ್ಲ್ಯು 140. ಎಂಥ ಯಂತ್ರ ಅದು! ಕಿಟಕಿಗಳಿಗೆ ಎರಡೆರಡು ಪದರ ಗಾಜು, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಬಾಗಿಲನ್ನು ಮೆಲ್ಲಗೆ ತಳ್ಳಿದರೆ ಸಾಕು, ಉಳಿದದ್ದನ್ನು ಅದೇ ಎಳೆದು ಮುಚ್ಚಿಕೊಳ್ಳುತ್ತದೆ. ಕಾರು ಎಷ್ಟು ದೊಡ್ಡದಿತ್ತೆಂದರೆ, ರಿವರ್ಸ್ ಗೇರ್ ಹಾಕಿದ ಕೂಡಲೇ ಹಿಂದಿನ ಎರಡು ಮೂಲೆಗಳಿಂದ ಎರಡು ಸಣ್ಣ ಕಡ್ಡಿಗಳು ಮೇಲೇಳುತ್ತಿದ್ದವು, ಕಾರಿನ ಕೊನೆ ಎಲ್ಲಿದೆ ಎಂದು ಡ್ರೈವರ್‌ಗೆ ತೋರಿಸಲು! 12 ಸಿಲಿಂಡರಿನ ಉದ್ದದ ಮಾದರಿ 2 ಟನ್ ದಾಟುತ್ತಿತ್ತು.

ಜರ್ಮನಿಯ ಉತ್ತರ ತುದಿಯಲ್ಲಿ ಸಿಲ್ಟ್ ಎಂಬ ದ್ವೀಪವಿದೆ, ಸಿರಿವಂತರು ರಜೆ ಕಳೆಯುವ ಜಾಗ. ಅಲ್ಲಿಗೆ ನೆಲದ ಮೇಲೆ ರಸ್ತೆಯಿಲ್ಲ. 1927ರಲ್ಲಿ ಸಮುದ್ರದ ಮೇಲೆ ಕಟ್ಟಿದ ಏರಿಯಲ್ಲಿ ರೈಲು ಓಡುತ್ತದೆ, ಕಾರುಗಳನ್ನು ಆ ರೈಲಿನ ಮೇಲೇರಿಸಿ ಕರೆದೊಯ್ಯುತ್ತಾರೆ. ಹೊಸ ಎಸ್-ಕ್ಲಾಸ್ ತೆಗೆದುಕೊಂಡವರು ಹೆಮ್ಮೆಯಿಂದ ಹೋದರೆ, ಕಾರು ಆ ರೈಲಿಗೆ ಹಿಡಿಸಲಿಲ್ಲ! ಅಗಲ ಹೆಚ್ಚಾಗಿತ್ತು. ಯಾರಿಗಾಗಿ ಕಾರು ಮಾಡಿದ್ದರೋ ಅವರೇ ಅದನ್ನು ಆ ರೈಲಿನಲ್ಲಿ ತಮ್ಮ ರಜೆಯ ಊರಿಗೆ ಒಯ್ಯಲಾಗಲಿಲ್ಲ. ಜರ್ಮನಿಯ ಪತ್ರಿಕೆಗಳಿಗೆ ಹಬ್ಬವಾಯಿತು.

ಆದರೆ ನನ್ನ ಮಟ್ಟಿಗೆ ನಿಜವಾದ ತಪ್ಪು ಅಗಲದ್ದಲ್ಲ, ಎತ್ತರದ್ದು. ಒಳಗೆ ಜಾಗ ಹೆಚ್ಚಬೇಕು, ಇನ್ನೂ ಹೆಚ್ಚಬೇಕು ಎಂದು ಎತ್ತರವನ್ನು ಸುಮಾರು 1.49 ಮೀಟರ್‌ಗೆ ಏರಿಸಿದರು. ಉದ್ದ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಪಕ್ಕದಿಂದ ನೋಡಿದರೆ ಗೋಡೆ. ಕಾರು ನಾಲ್ಕು ಇಂಚು ಎತ್ತರ ಹೆಚ್ಚಾಯಿತು ಎಂದು ಸ್ವತಃ ಸಾಕ್ಕೋ ಅವರೇ ಆಮೇಲೆ ಹೇಳಿದ್ದುಂಟು. ಗಮನಿಸಿ, ಗ್ರಿಲ್ ಸರಿಯಿಲ್ಲ, ಲೈಟು ಸರಿಯಿಲ್ಲ ಎಂದು ಅವರು ಹೇಳಲಿಲ್ಲ. ಅವರ ಕಣ್ಣಿಗೆ ಚುಚ್ಚಿದ್ದು ನಾಲ್ಕು ಇಂಚು. 1994ರಲ್ಲಿ ಲೈಟು, ಪಕ್ಕದ ಹಲಗೆ ತಿದ್ದಿ ಕಾರನ್ನು ಹಗುರಾಗಿ ಕಾಣಿಸಲು ನೋಡಿದರು. ಅಲಂಕಾರ ತಿದ್ದಿದರೆ ಅಳತೆ ತಿದ್ದಿದಂತಾಗುತ್ತದೆಯೇ? ಕೊನೆಗೆ ತಯಾರಾದದ್ದು ಸುಮಾರು 4 ಲಕ್ಷ ಸೆಡಾನ್, ಹಿಂದಿನದರ ಅರ್ಧದಷ್ಟು. ಆರ್ಥಿಕ ಹಿಂಜರಿತವೂ ಇತ್ತು, ಬೆಲೆಯೂ ಏರಿತ್ತು, ಒಪ್ಪುತ್ತೇನೆ. ಆದರೂ 1998ರಲ್ಲಿ ಮುಂದಿನ ಎಸ್-ಕ್ಲಾಸ್ ಮಾಡುವಾಗ ಉದ್ದ, ಅಗಲ, ಎತ್ತರ ಮೂರನ್ನೂ ಇಳಿಸಿದರು. ಉತ್ತರ ಅಲ್ಲೇ ಇದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

2001ರ 7 ಸೀರೀಸ್. ಕ್ರಿಸ್ ಬ್ಯಾಂಗಲ್ ಬಿಎಂಡಬ್ಲ್ಯು ವಿನ್ಯಾಸದ ಮುಖ್ಯಸ್ಥರಾಗಿದ್ದ ಕಾಲ. ಡಿಕ್ಕಿಯ ಮುಚ್ಚಳ ಬೇರೆ ಕಾರಿನದನ್ನು ತಂದು ಇಟ್ಟಂತಿದೆ ಎಂದು ಜನ ರೊಚ್ಚಿಗೆದ್ದು, ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಅಂತರ್ಜಾಲದಲ್ಲಿ ಸಹಿ ಸಂಗ್ರಹಿಸಿದರು. ಯಾರೂ ಪಕ್ಕಕ್ಕೆ ಹೋಗಿ ನಿಂತು ನೋಡಲಿಲ್ಲ ಎಂಬುದೇ ನನ್ನ ಬೇಸರ. ಆ ಕಾರಿನ ಮೈ ಎತ್ತರವಾಗಿತ್ತು, ಡಿಕ್ಕಿಯೂ ಏರಲೇಬೇಕಿತ್ತು. ಆ ಎತ್ತರವನ್ನು ಮುಚ್ಚಿಡದೆ ಬೇರೆ ಪದರವಾಗಿ ತೋರಿಸಿದರು, ಅಷ್ಟೆ. ಅದುವರೆಗಿನ 7 ಸೀರೀಸ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ ಕಾರು. 2005ರ ಎಸ್-ಕ್ಲಾಸ್‌ನ ಹಿಂಭಾಗ ನೋಡಿ, ಎದುರಾಳಿಯ ಮನೆಯ ಗಾಳಿ ಅಲ್ಲಿಗೂ ಬೀಸಿದ್ದು ಗೊತ್ತಾಗುತ್ತದೆ.

2022ರ 7 ಸೀರೀಸ್‌ಗೂ ಅದೇ ಗತಿ. ಹೆಡ್‌ಲೈಟ್ ಒಡೆದು ಎರಡು ಮಾಡಿದ್ದಾರೆ, ಗ್ರಿಲ್ ರಾಕ್ಷಸಗಾತ್ರ ಎಂದು ಬೈಗುಳ. ಬೈಯುವ ಮೊದಲು ಪಕ್ಕಕ್ಕೆ ಬನ್ನಿ. ಎತ್ತರ 1.54 ಮೀಟರ್, ಸಾಕ್ಕೋ ನೊಂದುಕೊಂಡ ಆ ಮರ್ಸಿಡಿಸ್‌ಗಿಂತಲೂ ಹೆಚ್ಚು! ಆದರೂ ಗೋಡೆಯಂತೆ ಕಾಣುವುದಿಲ್ಲ. ಯಾಕೆ? ಉದ್ದವನ್ನು 5.39 ಮೀಟರ್‌ಗೆ ಒಯ್ದಿದ್ದಾರೆ, ಚಕ್ರಗಳನ್ನೂ ಜೊತೆಗೇ ಬೆಳೆಸಿದ್ದಾರೆ. ಅಳತೆ ಕೂಡಿಬಂದಿದೆ.

ಇದಕ್ಕೆ ತದ್ವಿರುದ್ಧ 2021ರ ಮರ್ಸಿಡಿಸ್ ಇಕ್ಯೂಎಸ್, ವಿದ್ಯುತ್ ಕಾರು. ಗಾಳಿ ಸೀಳುವ ಅಂಕಿ 0.20. ಎಂಜಿನಿಯರುಗಳಿಗೆ ಕೈಮುಗಿಯಬೇಕು. ಆದರೆ ಬಾನೆಟ್ ಚಿಕ್ಕದು, ಮುಂದಿನ ಗಾಜು ಮುಂದಕ್ಕೆ ಸರಿದಿದೆ, ಇಡೀ ಕಾರು ಒಂದೇ ಕಮಾನು. ಹಿಂದಿನ ಸೀಟಿನಲ್ಲಿ ಕೂತು ಓಡಾಡುವ ಗ್ರಾಹಕರಿಗೆ ಆ ಗಾಂಭೀರ್ಯ ಕಾಣಲಿಲ್ಲ. 2024ರಲ್ಲಿ ಬಾನೆಟ್ ಮೇಲೆ ನಿಲ್ಲುವ ನಕ್ಷತ್ರ, ಅಂದರೆ ಮರ್ಸಿಡಿಸ್ ಲಾಂಛನ ಕೊಟ್ಟರು, ಮುಂಭಾಗಕ್ಕೆ ಕ್ರೋಮ್ ಪಟ್ಟಿ ಕೊಟ್ಟರು. ಮತ್ತೆ ಅಲಂಕಾರ! ಚಕ್ರಕ್ಕೂ ಬಾಗಿಲಿಗೂ ನಡುವಿನ ಜಾಗವನ್ನು ನಕ್ಷತ್ರ ತಂದುಕೊಡುವುದಿಲ್ಲ. ಬಿಎಂಡಬ್ಲ್ಯುನವರು ತಮ್ಮ ವಿದ್ಯುತ್ ಐ7ಕ್ಕೆ 7 ಸೀರೀಸ್‌ನ ಮೈಯನ್ನೇ ಕೊಟ್ಟು ಉದ್ದ ಬಾನೆಟ್ ಉಳಿಸಿಕೊಂಡರು. ಎಂಜಿನ್ ಇಲ್ಲದಿದ್ದರೂ ಆ ಉದ್ದ ಬೇಕು ಎಂಬುದು ಅವರಿಗೆ ತಿಳಿದಿತ್ತು.

1994ರಲ್ಲಿ ಅಲ್ಯೂಮಿನಿಯಂ ಮೈ ಹೊತ್ತು ಬಂದ ಆಡಿ ಎ8 ಬಗ್ಗೆ ಹೇಳಲು ಹೊತ್ತಿಲ್ಲ, ಕ್ಷಮಿಸಿ. ಜಾಗ್ವಾರ್ ಎಕ್ಸ್‌ಜೆ ಬಗ್ಗೆ ಮಾತ್ರ ಹೇಳದೆ ಏಳಲಾರೆ. 1968ರಲ್ಲಿ ಜಾಗ್ವಾರ್ ಸ್ಥಾಪಕ ವಿಲಿಯಂ ಲಯನ್ಸ್ ತಂದ ಆ ಕಾರಿನಷ್ಟು ತಗ್ಗಾದ, ನೀಳವಾದ ದೊಡ್ಡ ಸೆಡಾನ್ ಮತ್ತೆ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. 2008ರಿಂದ ಆ ಕಂಪನಿ ನಮ್ಮ ಟಾಟಾದವರದು. 2019ರಲ್ಲಿ ಎಕ್ಸ್‌ಜೆ ತಯಾರಿಕೆ ನಿಂತಿತು, ಅದರ ಜಾಗಕ್ಕೆ ಬರಬೇಕಿದ್ದ ವಿದ್ಯುತ್ ಎಕ್ಸ್‌ಜೆಯನ್ನು 2021ರಲ್ಲಿ ಕೈಬಿಟ್ಟರು. ಈಗ ಉಳಿದಿರುವುದು ಹಳೆಯ ಕಾರುಗಳು ಮಾತ್ರ. ಹಳೆಯ ಕಾರುಗಳ ಪ್ರದರ್ಶನದಲ್ಲೋ ರ‍್ಯಾಲಿಯಲ್ಲೋ ಒಂದು ಎಕ್ಸ್‌ಜೆ ಕಂಡರೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡಬೇಡಿ. ಪಕ್ಕಕ್ಕೆ ಹೋಗಿ, ಹತ್ತು ಹೆಜ್ಜೆ ಹಿಂದೆ ಸರಿದು, ಮುಂದಿನ ಚಕ್ರದಿಂದ ಬಾಗಿಲಿನ ಅಂಚಿನವರೆಗೆ ಕಣ್ಣಾಡಿಸಿ. ಮಕ್ಕಳಿದ್ದರೆ ಅವರಿಗೂ ತೋರಿಸಿ.

ನಮಸ್ಕಾರ.