ಅತ್ತಿಗೆ ಮೀಟಿಂಗೂ ನಡೀಬೇಕು, ನನ್ನ ಗೇಮೂ ನಡೀಬೇಕು: ನಮ್ಮನೆ ರೂಟರ್ ಸರಿ ಮಾಡಿದ ಕಥೆ

ನಮಸ್ಕಾರ ಎಲ್ರಿಗೂ. ಈಗ ನೀವು ನೋಡ್ತಿರೋದು ದಾವಣಗೆರೆ ನಿಟುವಳ್ಳಿಯಲ್ಲಿರೋ ನಮ್ಮನೆ ಮೆಟ್ಲು, ಮಹಡಿಗೆ ಹೋಗೋದು, ಮೇಲೆ ತಿರುವಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಕಾಣ್ತೈತಲ್ಲ, ಅದ್ರಿಂದಾನೇ ಈ ವಿಡಿಯೋ ಶುರು ಮಾಡ್ಬೇಕು ಅನ್ನಿಸ್ತು. ನಮ್ಮ ಅತ್ತಿಗೆ ಬೆಂಗಳೂರಿನ ಕಂಪನಿಗೆ ಮನೆಯಿಂದಾನೇ ಕೆಲ್ಸ ಮಾಡ್ತಾರೆ, ರಾತ್ರಿ ಒಂಬತ್ತಕ್ಕೆ ಮೀಟಿಂಗ್ ಇರುತ್ತೆ, ಕೆಲವು ದಿನದಿಂದ ಮೀಟಿಂಗ್ ಟೈಮಿಗೆ ಲ್ಯಾಪ್‌ಟಾಪ್ ಎತ್ಕೊಂಡು ಈ ಸ್ಟೂಲ್ ಮೇಲೆ ಬಂದು ಕೂತ್ಕೊಳ್ತಿದ್ರು. ಕೆಳಗೆ ಸೆಕೆ ಅಂತ ಗಾಳಿಗೆ ಹೋಗ್ತಾರೇನೋ ಅನ್ಕೊಂಡಿದ್ದೆ. ಒಂದಿನ ಟ್ಯಾಂಕಲ್ಲಿ ನೀರು ನೋಡೋಕೆ ಮೇಲೆ ಹೋದವನು ಕೇಳ್ದೆ, ಯಾಕೆ ಅತ್ತಿಗೆ ಇಲ್ಲಿ ಕೂತಿದೀರಾ, ಕೆಳಗೆ ವೈಫೈ ಐತಲ್ಲ ಅಂತ. ಮ್ಯೂಟ್ ಒತ್ತಿ ಮೆಲ್ಲಗೆ ಅಂದ್ರು, "ನೀನು ಕಂಪ್ಯೂಟರ್ ಮುಂದೆ ಕೂತ್ರೆ ನನ್ನ ಮಾತು ಅವ್ರಿಗೆಲ್ಲ ತುಂಡು ತುಂಡು ಕೇಳ್ತೈತಂತೆ ಕಣಪ್ಪ, ಮೊಬೈಲ್ ನೆಟ್ ಇಲ್ಲಿ ಚೆನ್ನಾಗಿ ಸಿಗುತ್ತೆ, ಇರ್ಲಿ ಬಿಡು."

ಆ ಇರ್ಲಿ ಬಿಡು ಅನ್ನೋದು ನಂಗೆ ತುಂಬಾ ಚುಚ್ತು, ಯಾಕಂದ್ರೆ ಕಾರಣ ನಾನೇ.

ಏನಾಗಿತ್ತು ಅಂದ್ರೆ, ನಾನು ರಾತ್ರಿ ಹೊತ್ತು ವ್ಯಾಲರಂಟ್ ಅನ್ನೋ ಗುಂಡು ಹೊಡೆಯೋ ಆನ್‌ಲೈನ್ ಗೇಮ್ ಆಡ್ತೀನಿ, ಮುಂಬೈ ಸರ್ವರ್, ಸುಮ್ನೆ ಇರೋವಾಗ ಪಿಂಗ್, ಅಂದ್ರೆ ಡೇಟಾ ಸರ್ವರಿಗೆ ಹೋಗಿ ವಾಪಸ್ ಬರೋಕೆ ಹಿಡಿಯೋ ಹೊತ್ತು, 28 ಮಿಲಿಸೆಕೆಂಡ್ ಇರ್ತಿತ್ತು, ಆದ್ರೆ ತಂಗಿ ಕಾಲೇಜಿಂದ ಬಂದು ಫೋನ್ ಚಾರ್ಜಿಗೆ ಹಾಕಿದ ತಕ್ಷಣ ಅವಳ ಫೋಟೋ ವಿಡಿಯೋ ಎಲ್ಲ ಬ್ಯಾಕಪ್ ಆಗೋಕೆ ಶುರುವಾಗಿ ನನ್ನ ಪಿಂಗ್ ಒಂದೇ ಸಲ 400ಕ್ಕೆ ಹಾರೋದು. ಆ ಗೇಮಲ್ಲಿ ಸರ್ವರ್ ಒಂದು ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತೆ, ಅಂದ್ರೆ ನನ್ನ 400 ಮಿಲಿಸೆಕೆಂಡ್ ಒಳಗೆ ಅಲ್ಲಿ 50 ಸಲ ಆಟ ಮುಂದೆ ಹೋಗಿರುತ್ತೆ, ನಾನು ಗುಂಡು ಹೊಡೆಯೋ ಹೊತ್ತಿಗೆ ಎದುರಿನವನು ಇನ್ನೊಂದು ಗೋಡೆ ಹಿಂದೆ. ಅದಕ್ಕೆ ರೂಟರ್ ಸೆಟ್ಟಿಂಗ್ಸಿಗೆ ಹೋಗಿ ಕ್ಯೂಒಎಸ್ ಅಂತ ಒಂದು ಆಪ್ಷನ್ ಇತ್ತು, ಯಾವ ಡೇಟಾ ಮೊದಲು ಹೋಗ್ಬೇಕು ಅಂತ ಹೇಳೋದು, ಅದ್ರಲ್ಲಿ ನನ್ನ ಪಿಸಿನ ಹೈಯೆಸ್ಟ್ ಅಂತ ಇಟ್ಟುಬಿಟ್ಟೆ. ನನ್ನ ಗೇಮ್ ಸರಿಹೋಯ್ತು. ಅಲ್ಲಿಗೆ ಮರೆತುಬಿಟ್ಟೆ.

ತಪ್ಪಾಗಿದ್ದು ಇಲ್ಲಿ. ಗೇಮ್ ಆಡೋಕೆ ಬೇಕಾಗೋ ಡೇಟಾ ತೀರಾ ಕಡಿಮೆ, ಒಂದು ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಮುಟ್ಟಲ್ಲ. ಆದ್ರೆ ನಾನು ಮೊದಲ ಜಾಗ ಕೊಟ್ಟಿದ್ದು ಗೇಮಿಗಲ್ಲ, ಇಡೀ ಪಿಸಿಗೆ. ಅದ್ರಲ್ಲಿ ಅಪ್ಡೇಟ್ ಬಂದ್ರೂ ಮೊದಲು, ಫ್ರೆಂಡ್ಸಿಗೆ ಸ್ಕ್ರೀನ್ ಶೇರ್ ಮಾಡಿದ್ರೂ ಮೊದಲು. ನಮ್ದು 40 ಎಂಬಿಪಿಎಸ್ ಪ್ಲಾನು, 20 ಜಿಬಿ ಅಪ್ಡೇಟ್ ಬಂದ್ರೆ ಒಂದು ಗಂಟೆಗೂ ಮೇಲೆ ಆಗುತ್ತೆ, ಆ ಒಂದು ಗಂಟೆ ಮನೇಲಿ ಉಳಿದ ಐದು ಜನಕ್ಕೆ ನಾನು ಬಿಟ್ಟಿದ್ದಷ್ಟೇ. ಅತ್ತಿಗೆ ಮೆಟ್ಲು ಹತ್ತಿದ್ದು ಅದಕ್ಕೆ.

ಸರಿ, ಈಗ ಸಮಸ್ಯೆ ಬುಡ ಏನು ಅಂತ ನೋಡೋಣ, ಇದು ಬಹಳ ಜನ ಗೇಮರ್ಸಿಗೆ ಯಾರೂ ಹೇಳಲ್ಲ, ಎಲ್ರೂ ಪ್ಲಾನ್ ದೊಡ್ಡದು ಮಾಡ್ಸಿ ಅಂತಾರೆ. ನಮ್ಮೂರ ಬೆಣ್ಣೆದೋಸೆ ಹೋಟ್ಲು ನೆನಪು ಮಾಡ್ಕೊಳ್ರಿ, ಭಾನುವಾರ ಬೆಳಿಗ್ಗೆ. ಹಂಚು ಒಂದೇ, ಒಂದು ಸಲಕ್ಕೆ ಇಷ್ಟೇ ದೋಸೆ. ನಿಮ್ಮ ಮುಂದೆ ಒಬ್ರು ಬಂದು ನಲವತ್ತು ದೋಸೆ ಪಾರ್ಸಲ್ ಅಂತಾರೆ, ನಿಮಗೆ ಬೇಕಾಗಿರೋದು ಒಂದೇ ಒಂದು ಖಾಲಿ ದೋಸೆ. ಬಂದ ಸಾಲಲ್ಲೇ ಕೊಡ್ತೀನಿ ಅಂದ್ರೆ ಆ ನಲವತ್ತೂ ಬೇಯೋ ತನಕ ನೀವು ಚಟ್ನಿ ಬಟ್ಲು ಹಿಡ್ಕೊಂಡು ನಿಂತಿರ್ಬೇಕು. ಹಂಚು ದೊಡ್ಡದು ಮಾಡಿದ್ರೆ ಸ್ವಲ್ಪ ಬೇಗ ಆಗ್ಬಹುದು, ಆದ್ರೆ ನಾಳೆ ಅವ್ರು ಎಂಬತ್ತು ಪಾರ್ಸಲ್ ಕೇಳ್ತಾರೆ. ಫೋಟೋ ಬ್ಯಾಕಪ್ ಅಂದ್ರೆ ಆ ಪಾರ್ಸಲ್ಲು. ಗೇಮು, ಮೀಟಿಂಗು, ಅಪ್ಪನ ವಾಟ್ಸಾಪ್ ಕಾಲು, ಇವೆಲ್ಲ ಒಂದೊಂದು ಖಾಲಿ ದೋಸೆ.

ಲೆಕ್ಕಾನೂ ಹಾಕ್ಬಹುದು. ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಹಾಗಾಗಿ 40 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 5 ಎಂಬಿ. ರೂಟರ್ ಒಳಗೋ ಲೈನಿನ ಡಬ್ಬಿ ಒಳಗೋ 2 ಎಂಬಿ ಡೇಟಾ ಸಾಲಲ್ಲಿ ನಿಂತ್ರೆ ಹಿಂದೆ ಬಂದ ಪುಟ್ಟ ಪ್ಯಾಕೆಟ್, ಅಂದ್ರೆ ಡೇಟಾದ ಒಂದು ತುಂಡು ಕೂಡ 0.4 ಸೆಕೆಂಡ್ ಕಾಯ್ಬೇಕು, ಅಂದ್ರೆ 400 ಮಿಲಿಸೆಕೆಂಡ್, ನಂಗೆ ಕಾಣ್ತಿದ್ದ ನಂಬರ್ ಸರಿಯಾಗಿ ಅದೇ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಜಿಮ್ ಗೆಟ್ಟಿಸ್ ಅನ್ನೋರು 2010ರಲ್ಲಿ ಅವ್ರ ಮನೆಯಲ್ಲೇ ದೊಡ್ಡ ಫೈಲ್ ಕಾಪಿ ಮಾಡೋವಾಗ ಇದನ್ನ ಕಂಡು ಬೆನ್ನುಹತ್ತಿದ್ರು, ಆಮೇಲೆ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ ಸೇರಿ ಕೋಡೆಲ್ ಅಂತ ಒಂದು ಉಪಾಯ ತಂದ್ರು. ಅದು ಸಾಲು ಎಷ್ಟು ಉದ್ದ ಅಂತ ನೋಡಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡುತ್ತೆ, 5 ಮಿಲಿಸೆಕೆಂಡಿಗಿಂತ ಜಾಸ್ತಿ ಕಾಯೋದು 100 ಮಿಲಿಸೆಕೆಂಡ್ ತನಕ ನಿಲ್ಲದೇ ಹೋದ್ರೆ ಪ್ಯಾಕೆಟ್ ಎಸೆಯೋಕೆ ಶುರು ಮಾಡುತ್ತೆ, ಆಗ ಆ ಕಡೆಯಿಂದ ಕಳಿಸ್ತಿರೋನು ತಾನೇ ನಿಧಾನ ಆಗ್ತಾನೆ. ಎಷ್ಟು ಚೆಂದ ಯೋಚ್ನೆ ಮಾಡಿದಾರೆ ನೋಡ್ರಿ, ಇದನ್ನ ಓದಿದ ದಿನ ನಂಗೆ ನಿದ್ದೆನೇ ಬರ್ಲಿಲ್ಲ.

ಅದ್ರ ಮುಂದಿನ ತಲೆಮಾರು ಕೇಕ್ ಅಂತ, 2018ರಲ್ಲಿ ಲಿನಕ್ಸ್ ಕರ್ನಲ್, ಅಂದ್ರೆ ಬಹಳ ರೂಟರಲ್ಲಿ ಓಡೋ ಲಿನಕ್ಸ್ ಸಾಫ್ಟ್‌ವೇರಿನ ತಿರುಳು, ಅದ್ರ ಒಳಗೇ ಸೇರ್ತು. ನಾನು ಹಾಕಿದ್ದು ಅದನ್ನೇ. ನನ್ನ ಹಳೇ ರೂಟರಲ್ಲಿ ಇದು ಇರ್ಲಿಲ್ಲ, ಓಪನ್‌ಡಬ್ಲ್ಯೂಆರ್‌ಟಿ ಅಂತ ರೂಟರಿಗೆ ಹಾಕೋ ಒಂದು ಉಚಿತ ಸಾಫ್ಟ್‌ವೇರ್ ಐತೆ, ಅದನ್ನ ಹಾಕ್ಬಹುದಾದ ಒಂದು ಸೆಕೆಂಡ್ ಹ್ಯಾಂಡ್ ರೂಟರ್ ತಗೊಂಡೆ, ಈಗ ಸ್ಕ್ರೀನಲ್ಲಿ ಕಾಣ್ತಿರೋದು ಅದ್ರ ಎಸ್‌ಕ್ಯೂಎಂ ಪೇಜು, ಅಂದ್ರೆ ಡೇಟಾ ಸಾಲನ್ನ ನೋಡ್ಕೊಳ್ಳೋ ಸೆಟ್ಟಿಂಗು. ಇಲ್ಲಿ ಡೌನ್‌ಲೋಡ್ ಅಪ್‌ಲೋಡ್ ಸ್ಪೀಡ್ ಹಾಕ್ಬೇಕು, ಕಿಲೋಬಿಟ್ ಲೆಕ್ಕದಲ್ಲಿ, 36 ಅಂತ ಹಾಕಿದ್ರೆ ನೆಟ್ಟೇ ನಿಂತುಹೋಗುತ್ತೆ, 36000 ಅಂತ ಹಾಕ್ಬೇಕು. 40 ಇರೋವಾಗ 36 ಯಾಕೆ ಅಂತ ಅಣ್ಣನೂ ಕೇಳಿದ, ದುಡ್ಡು ಕೊಟ್ಟಿರೋದು ನಲವತ್ತಕ್ಕಲ್ವೇನೋ ಅಂದ. ಸಾಲು ನಮ್ಮ ಹೋಟ್ಲು ಒಳಗೇ ನಿಲ್ಬೇಕು, ಅದಕ್ಕೆ. ಪೂರ್ತಿ ಸ್ಪೀಡ್ ಬಿಟ್ರೆ ಸಾಲು ಕಟ್ಟೋದು ಹೊರಗೆ, ಲೈನ್ ಕೊಟ್ಟೋರ ಕಡೆ, ಅಲ್ಲಿ ಯಾರನ್ನ ಮುಂದೆ ಬಿಡ್ಬೇಕು ಅನ್ನೋದು ನಮ್ಮ ಕೈಲಿಲ್ಲ. ನೂರಕ್ಕೆ ಹತ್ತು ಬಿಟ್ಕೊಟ್ರೆ ಸಾಲು ನಮ್ಮ ರೂಟರಿಗೆ ಬರುತ್ತೆ, ಆಮೇಲೆ ಅದು ಪಾರ್ಸಲ್ಲಿಗೆ ಒಂದು, ಖಾಲಿ ದೋಸೆಗೆ ಒಂದು ಅಂತ ಸರದಿ ಕೊಡುತ್ತೆ. ಕೇಕ್‌ನಲ್ಲಿ ಇನ್ನೊಂದು ಆಪ್ಷನ್ ಐತೆ, ಪ್ರತಿ ಡಿವೈಸಿಗೂ ಸಮಪಾಲು ಕೊಡೋದು, ಅದನ್ನ ಮಾತ್ರ ಮರೀಬೇಡ್ರಿ, ಇಲ್ಲಾಂದ್ರೆ ಒಬ್ರೇ ಮೂವತ್ತು ಕನೆಕ್ಷನ್ ತೆಗೆದು ಮೂವತ್ತು ಪಾಲು ತಗೋತಾರೆ. ನನ್ನ ಪಿಸಿಗೆ ಈಗ ಹೈಯೆಸ್ಟೂ ಇಲ್ಲ ಏನೂ ಇಲ್ಲ, ಅಮ್ಮನ ಟಿವಿಗೆ ಎಷ್ಟೋ ನಂಗೂ ಅಷ್ಟೇ.

ಹಾರ್ಡ್‌ವೇರ್ ಆಫ್‌ಲೋಡ್ ಅಂತ ಇದ್ರೆ ಆಫ್ ಮಾಡ್ಬೇಕು, ಅದು ಆನ್ ಇದ್ರೆ ಡೇಟಾ ಈ ಸಾಲಿಗೆ ಬರ್ದೇ ಪಕ್ಕದಿಂದ ಹೋಗಿಬಿಡುತ್ತೆ. ಇದ್ರಿಂದ ರೂಟರ್ ಪ್ರೊಸೆಸರಿಗೆ ಕೆಲ್ಸ ಜಾಸ್ತಿ, ನಮ್ಮ 40ಕ್ಕೆ ತೊಂದ್ರೆ ಇಲ್ಲ, ದೊಡ್ಡ ಪ್ಲಾನ್ ಇರೋರು ಒಳ್ಳೆ ಪ್ರೊಸೆಸರ್ ನೋಡಿ ತಗೊಳ್ರಿ. ಮತ್ತೆ ಆ 28 ಮಿಲಿಸೆಕೆಂಡ್ ಕಡಿಮೆ ಆಗ್ಲಿ ಅಂತ ಕಾಯ್ಬೇಡ್ರಿ, ಮುಂಬೈ ದೂರ ಎಲ್ಲಿಗೂ ಹೋಗಲ್ಲ, ಇದು ಕಾಯೋ ಹೊತ್ತನ್ನ ಮಾತ್ರ ತೆಗೆಯುತ್ತೆ.

ಇದು ನಿನ್ನೆ ರಾತ್ರಿ ರೆಕಾರ್ಡ್ ಮಾಡಿದ್ದು. ತಂಗಿ ಫೋನ್ ಬ್ಯಾಕಪ್ ಆಗ್ತೈತೆ, ಅಪ್ಡೇಟ್ ಒಂದು ಬೇಕಂತಲೇ ಓಡಿಸಿದೀನಿ, ಅಮ್ಮನ ಸೀರಿಯಲ್ ನಡೀತೈತೆ, ಎಡಗಡೆ ಪಿಂಗ್ ನೋಡ್ರಿ, 33, 34, ಒಂದು ಸಲ 37. ಆ ಊಟದ ಟೇಬಲ್ ಹತ್ರ ಬೆನ್ನು ಕಾಣ್ತಿರೋದು ಅತ್ತಿಗೆ, ಮೀಟಿಂಗಲ್ಲಿದ್ರು, ಕೇಳಿಯೇ ಶೂಟ್ ಮಾಡಿದೀನಿ. ಮುಗಿದ ಮೇಲೆ ಕೇಳ್ದೆ, ಹೆಂಗಿತ್ತು ಅತ್ತಿಗೆ ಅಂತ. "ಯಾರೂ ಇವತ್ತು ಇನ್ನೊಂದ್ಸಲ ಹೇಳಿ ಅನ್ಲಿಲ್ಲ" ಅಂದ್ರು.

ಇನ್ನು ಉಳಿದಿರೋದು ಅಪ್ಪನ ರೂಮು. ಅಲ್ಲಿ ವೈಫೈ ಸಿಗ್ನಲ್ಲೇ ವೀಕು, ಎರಡು ಗೋಡೆ ದಾಟ್ಬೇಕು, ಅದಕ್ಕೆ ರೂಟರ್ ಸೆಟ್ಟಿಂಗ್ ಏನು ಮಾಡಿದ್ರೂ ಉಪಯೋಗ ಇಲ್ಲ, ಕೇಬಲ್ಲೇ ಎಳೀಬೇಕು. ಇಪ್ಪತ್ತು ಮೀಟರ್ ಕ್ಯಾಟ್ 6 ತಂದಿಟ್ಟಿದೀನಿ, ಭಾನುವಾರ ಅಣ್ಣ ಡ್ರಿಲ್ ಮಷಿನ್ ತರ್ತಾನೆ.