ಟ್ಯೂಷನ್ ಕೆಲಸದ ರೆಸ್ಯೂಮ್: ನೀವು ಯಾರಿಗೆ ಕಲಿಸಿದ್ದೀರಿ?

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಮುಂದೆ ಬನ್ನಿ, ಬೆಂಚು ಖಾಲಿ ಇದೆ.

ನಿಮ್ಮಲ್ಲಿ ಸುಮಾರು ಜನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೀರಿ, ಸಂಜೆ ಎರಡು ತಾಸು ಪಾಠ ಹೇಳಿದರೆ ಖರ್ಚಿಗಾಗುತ್ತದೆ ಅಂತ ಟ್ಯೂಷನ್ ಕೆಲಸ ಹುಡುಕುತ್ತಿದ್ದೀರಿ. ನೀವು ಕೊಟ್ಟ ರೆಸ್ಯೂಮ್‌ಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ಹೆಚ್ಚಿನವು ಒಂದೇ ಅಚ್ಚಿನವು. ಮೇಲೆ ಕರಿಯರ್ ಆಬ್ಜೆಕ್ಟಿವ್, ಆಮೇಲೆ ಮಾರ್ಕ್ಸಿನ ಟೇಬಲ್, ಅಪ್ಪನ ಹೆಸರು, ಹವ್ಯಾಸ ಕ್ರಿಕೆಟ್, ಕೊನೆಗೆ ಡಿಕ್ಲರೇಷನ್. ಅಷ್ಟೂ ಓದಿದ ಮೇಲೂ ಇವರಿಗೆ ಒಂಬತ್ತನೇ ಕ್ಲಾಸಿನ ಮಗುವಿಗೆ ಬೀಜಗಣಿತ ಹೇಳಿಕೊಡಲು ಬರುತ್ತದಾ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಮಗುವಿನ ಅಮ್ಮನಿಗೆ ಬೇಕಿರುವುದು ಅದೇ ಅಲ್ವಾ?

ನಾನು ಡಿಗ್ರಿಯಲ್ಲಿದ್ದಾಗ ದುರ್ಗಿಗುಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಇಂಥದ್ದೇ ಹಾಳೆ ಹಿಡಿದು ಒಂದು ಕಡೆ ಹೋಗಿದ್ದೆ. 'ಯಾರಿಗಾದರೂ ಪಾಠ ಹೇಳಿದ್ದೀಯೇನಪ್ಪ?' ಅಂತ ಕೇಳಿದರು. 'ಇಲ್ಲ ಸಾರ್' ಅಂದೆ. ಕೆಲಸ ಸಿಗಲಿಲ್ಲ. ಆದರೆ ನಾನು ಎರಡು ವರ್ಷ ಪ್ರತಿ ಭಾನುವಾರ ಚಿಕ್ಕಮ್ಮನ ಮಗನಿಗೆ ಗಣಿತ ಹೇಳಿಕೊಟ್ಟಿದ್ದೆ. ಅದೂ ಅನುಭವವೇ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ತಂಗಿಗೆ, ಪಕ್ಕದ ಮನೆಯ ಹುಡುಗನಿಗೆ, ಸಪ್ಲಿಮೆಂಟರಿ ಕಟ್ಟಿದ ಗೆಳೆಯನಿಗೆ ಹೇಳಿಕೊಟ್ಟಿದ್ದೀರಲ್ಲ, ಅದನ್ನು ಹೆಸರಿನ ಕೆಳಗೆ, ಮಾರ್ಕ್ಸಿಗಿಂತ ಮೊದಲು ಬರೆಯಿರಿ. 'ಬೋಧನಾ ಅನುಭವವಿದೆ' ಅಂತ ಸುಮ್ನೆ ಬರೆದರೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಎಸ್ಸೆಸ್ಸೆಲ್ಸಿ ಹುಡುಗನೊಬ್ಬನಿಗೆ ಎಂಟು ತಿಂಗಳು, ವಾರಕ್ಕೆ ಮೂರು ದಿನ ಗಣಿತ. ಸಮಾಂತರ ಶ್ರೇಢಿ, ತ್ರಿಕೋನಮಿತಿ ಕಷ್ಟ ಇತ್ತು. ಶಾಲೆಯ ಪರೀಕ್ಷೆಯಲ್ಲಿ 80ಕ್ಕೆ 24 ತೆಗೆಯುತ್ತಿದ್ದವನು 43 ತೆಗೆದ.' ಮಾರ್ಕ್ಸ್ ಏರಲಿಲ್ಲವಾ? ಸುಳ್ಳು ಅಂಕಿ ಬೇಡ. ಲೆಕ್ಕ ಅಂದರೆ ಪುಸ್ತಕ ಮುಚ್ಚುತ್ತಿದ್ದವಳು ಈಗ ತಾನೇ ಕೂತು ಮಾಡುತ್ತಾಳೆ ಅನ್ನೋದು ನಿಜವಾದರೆ ಅದನ್ನೇ ಬರೆಯಿರಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ನಿಮ್ಮಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸಿಗೆ ಬಂದು ಒಮ್ಮೆಲೇ ಎಲ್ಲವೂ ಇಂಗ್ಲಿಷ್ ಆಗಿ ಮೊದಲ ಮೂರು ತಿಂಗಳು ಬಾಯಿ ಬಿಡದೆ ಕೂತವರು ಇದ್ದೀರಿ. ಅದನ್ನು ರೆಸ್ಯೂಮ್‌ನಲ್ಲಿ ಮುಚ್ಚಿಡುತ್ತೀರಿ. ಯಾಕೆ? ವರ್ಗಮೂಲವೇ ಸ್ಕ್ವೇರ್ ರೂಟ್, ವೇಗೋತ್ಕರ್ಷವೇ ಆಕ್ಸಿಲರೇಷನ್ ಅಂತ ಎರಡೂ ಕಡೆಯಿಂದ ಹೇಳಿಕೊಡಬಲ್ಲವರು ನೀವು. ಈ ವರ್ಷ ಅದೇ ದಾರಿಯಲ್ಲಿ ಬರುತ್ತಿರುವ ಮಕ್ಕಳಿಗೆ ನಿಮ್ಮಂಥವರೇ ಬೇಕು. 'ಕನ್ನಡ, ಇಂಗ್ಲಿಷ್ ಎರಡರಲ್ಲೂ ವಿಜ್ಞಾನ ಹೇಳಿಕೊಡುತ್ತೇನೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿ.

ಓದುತ್ತಿರುವ ಡಿಗ್ರಿಯನ್ನು ಮುಗಿದಂತೆ ಬರೆಯಬೇಡಿ. 'ಬಿ.ಎಸ್ಸಿ, ನಾಲ್ಕನೇ ಸೆಮಿಸ್ಟರ್' ಅಂದರೆ ಸಾಕು. 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುವವರಿಗೆ ಪದವಿ ಇರಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಸದ್ಯ ಮನೆಪಾಠ, ಸಣ್ಣ ಟ್ಯೂಷನ್ ಕಡೆ ನೋಡಿ.

ಒಂದೇ ಪುಟ ಇರಲಿ. ಆಧಾರ್ ನಂಬರ್, ಜಾತಿ, ಅಪ್ಪನ ಸಂಬಳ ಯಾವುದೂ ಬೇಡ. ಹೆಣ್ಣುಮಕ್ಕಳು ಮನೆಯ ಪೂರ್ತಿ ವಿಳಾಸ ಕೊಡಬೇಡಿ, ವಿನೋಬನಗರ ಅಂದರೆ ಸಾಕು. ಬಿಡುವಿನ ದಿನ, ಗಂಟೆ ಸ್ಪಷ್ಟವಾಗಿರಲಿ. ಊರಿಂದಲೇ ಓಡಾಡುವವರು ಕೊನೇ ಬಸ್ಸಿನ ಲೆಕ್ಕ ಹಾಕಿಕೊಂಡು ಬರೆಯಿರಿ, ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ತಪ್ಪಿಸಿಕೊಂಡರೆ ಮಗುವಿಗೇ ನಷ್ಟ. ನಿಮ್ಮ ಬಗ್ಗೆ ವಿಚಾರಿಸಲಿ ಅಂತ ಲೆಕ್ಚರರ್ ನಂಬರ್ ಹಾಕುವ ಮೊದಲು ಅವರನ್ನು ಕೇಳಿ.

ರೆಸ್ಯೂಮ್‌ನಲ್ಲಿ ಬರೆದ ಪಾಠವನ್ನೇ ಡೆಮೊದಲ್ಲಿ, ಅಂದರೆ ಕೆಲಸ ಕೊಡುವ ಮೊದಲು ಮಾಡಿಸಿ ನೋಡುವ ಪಾಠದಲ್ಲಿ, ಮಾಡಿ ಅಂತಾರೆ, ಬರುವುದನ್ನಷ್ಟೇ ಬರೆಯಿರಿ.

ಈಗ ಹಾಳೆ ತೆಗೆಯಿರಿ. ನೀವು ಹೇಳಿಕೊಟ್ಟ ಒಂದು ಮಗುವಿನ ಬಗ್ಗೆ ಮೂರು ಸಾಲು. ಮಗುವಿನ ಹೆಸರು ಬೇಡ, ಕ್ಲಾಸು ಸಾಕು. ನಾನು ಒಬ್ಬೊಬ್ಬರ ಹತ್ತಿರ ಬಂದು ನೋಡುತ್ತೇನೆ.